ಓದುಗರ ಪ್ರಶ್ನೆ: ತೊಟ್ಟಿಯ ನೀರು ಗ್ರಹದ ಕತೆ ಹೇಳುತ್ತದೆಯೇ?

ಹಿಂದಿನ ಸಂಚಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದಿದ್ದೆ. ಗ್ರಹಗಳು ಹೇಗೆ ಹುಟ್ಟುತ್ತವೆ ಎಂದು ತಿಳಿಯಲು ದೂರದರ್ಶಕ ಮಾತ್ರ ಅಲ್ಲ, ನೀರು ತುಂಬಿದ ಸಿಲಿಂಡರು, ದ್ರವ ಲೋಹ, ಧೂಳು ಬೀಳಿಸುವ ಕೊಳವೆ ಇವೂ ಕೆಲಸಕ್ಕೆ ಬರುತ್ತವೆ ಎಂದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು ಹದಿನಾರು ವರ್ಷ ತಿರುಗುವ ದ್ರವಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇನೆ.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿ ಓದುತ್ತಿದ್ದೇನೆ. ಒಂದು ಗಾಜಿನ ಲೋಟದ ನೀರಿಗೆ ಸಣ್ಣ ಮರಳು ಹಾಕಿ ಚಮಚದಿಂದ ಜೋರಾಗಿ ತಿರುಗಿಸಿ ಬಿಟ್ಟೆ. ಮರಳೆಲ್ಲ ನಡುವೆ ಬಂದು ಗುಡ್ಡೆಯಾಯಿತು. ಗ್ರಹಗಳು ಆಗಿದ್ದೂ ಹೀಗೇನಾ?

ಉತ್ತರ: ಚೆನ್ನಾಗಿ ನೋಡಿದ್ದೀಯ. ಇದನ್ನೇ ಕುರಿತು ಐನ್‌ಸ್ಟೈನ್ 1926ರಲ್ಲಿ ಒಂದು ಲೇಖನ ಬರೆದಿದ್ದಾರೆ. ಅವರು ಹೇಳಿದ್ದು ಕಪ್ಪಿನ ತಳದಲ್ಲಿ ಸೇರುವ ಟೀ ಎಲೆಗಳ ಬಗ್ಗೆ. ನದಿಗಳು ಯಾಕೆ ಅಂಕುಡೊಂಕಾಗಿ ಹರಿಯುತ್ತವೆ ಎಂದು ವಿವರಿಸಲು ಅವರು ಆ ಎಲೆಗಳನ್ನು ಹಿಡಿದುಕೊಂಡರು.

ಆದರೆ ಗ್ರಹಗಳು ಹೀಗೆ ಆಗಲಿಲ್ಲ. ಯಾಕೆ ಅಂತ ನಿಧಾನವಾಗಿ ನೋಡೋಣ. ಈ ಅಂಕಣದ ಉಳಿದ ಉತ್ತರಗಳಿಗೂ ನಿನ್ನ ಲೋಟ ಬೇಕಾಗುತ್ತದೆ.

ನೀರು ಸುತ್ತುವಾಗ ಗೋಡೆ ಕಡೆ ಸ್ವಲ್ಪ ಏರುತ್ತದೆ, ನಡುವೆ ತಗ್ಗಾಗುತ್ತದೆ, ಅಲ್ವಾ? ಅಂದರೆ ಗೋಡೆ ಕಡೆ ಒತ್ತಡ ಜಾಸ್ತಿ, ನಡುವೆ ಕಡಿಮೆ. ಲೋಟದ ಅರ್ಧ ಎತ್ತರದಲ್ಲಿ ಎರಡು ಬಲ ಸರಿಸಮ ಇರುತ್ತವೆ. ಸುತ್ತುವ ನೀರು ಹೊರಕ್ಕೆ ಹೋಗಲು ನೋಡುತ್ತದೆ, ಒತ್ತಡ ಅದನ್ನು ಒಳಕ್ಕೆ ದಬ್ಬುತ್ತದೆ. ತಳಕ್ಕೆ ತಾಗಿದ ನೀರಿನ ಪಾಡು ಬೇರೆ. ತಳಕ್ಕೆ ಉಜ್ಜಿ ಅದರ ವೇಗ ಇಳಿಯುತ್ತದೆ. ಹೊರಕ್ಕೆ ಹೋಗುವ ಜೋರು ಕುಗ್ಗುತ್ತದೆ. ಒತ್ತಡ ಮಾತ್ರ ಹಾಗೇ ಇರುತ್ತದೆ. ಆಗ ತಳದ ತೆಳುವಾದ ಒಂದು ಪದರ ಮರಳನ್ನು ಗುಡಿಸಿಕೊಂಡು ನಡುವಿಗೆ ಹರಿಯುತ್ತದೆ. ಅಲ್ಲಿಂದ ನೀರು ಮೇಲಕ್ಕೆ ಏಳುತ್ತದೆ. ಮರಳು ಭಾರ, ಅದು ಅಲ್ಲೇ ಉಳಿಯುತ್ತದೆ.

ಹಾಗಾದರೆ ಮರಳನ್ನು ಗುಡ್ಡೆ ಮಾಡಿದ್ದು ಲೋಟದ ತಳ. ಇದನ್ನು ನೀನೇ ಪರೀಕ್ಷೆ ಮಾಡಬಹುದು. ಈ ಸಲ ಚಮಚ ಬೇಡ. ಮರಳನ್ನು ತಳದಲ್ಲಿ ಸಮನಾಗಿ ಹರಡಿ, ನೀರು ಪೂರ್ತಿ ನಿಲ್ಲುವವರೆಗೆ ಕಾಯಿ. ಆಮೇಲೆ ಲೋಟವನ್ನೇ ಒಂದು ತಿರುಗುವ ಹಲಗೆಯ ನಟ್ಟನಡುವೆ ಇಟ್ಟು ಹಲಗೆ ತಿರುಗಿಸು. ಈಗ ತಳ ವೇಗವಾಗಿ ಸುತ್ತುತ್ತದೆ, ಮೇಲಿನ ನೀರು ಇನ್ನೂ ನಿಂತೇ ಇರುತ್ತದೆ. ತಳದ ಪದರ ಹೊರಕ್ಕೆ ಹರಿಯುತ್ತದೆ. ಮರಳು ಗೋಡೆ ಕಡೆ ಓಡುತ್ತದೆ. ಅದೇ ಲೋಟ, ಅದೇ ಮರಳು, ಫಲ ಮಾತ್ರ ಉಲ್ಟಾ.

ಹೊಸದಾಗಿ ಹುಟ್ಟಿದ ನಕ್ಷತ್ರದ ಸುತ್ತ ಅನಿಲ ಮತ್ತು ಧೂಳಿನ ಒಂದು ದೊಡ್ಡ ತಟ್ಟೆ ಸುತ್ತುತ್ತಿರುತ್ತದೆ. ಗ್ರಹಗಳು ಹುಟ್ಟುವುದು ಅದರಲ್ಲಿ. ಆ ತಟ್ಟೆಗೆ ತಳ ಇಲ್ಲ, ಗೋಡೆಯೂ ಇಲ್ಲ. ಅಲ್ಲಿ ಧೂಳು ಒಟ್ಟಾಗಲು ಬೇರೆ ಕಾರಣ ಬೇಕು. ಒಂದು ಕಾರಣ ಹೀಗಿದೆ: ತಟ್ಟೆಯ ಅನಿಲದಲ್ಲಿ ಎಲ್ಲಿ ಒತ್ತಡ ಸ್ವಲ್ಪ ಉಬ್ಬಿಕೊಂಡಿದೆಯೋ ಆ ಕಡೆ ಧೂಳು ಸರಿಯುತ್ತದೆ. ತಟ್ಟೆ ಸುತ್ತುವ ದಿಕ್ಕಿಗೆ ವಿರುದ್ಧವಾಗಿ ತಿರುಗುವ ಸುಳಿಗಳ ನಟ್ಟನಡುವೆ ಒತ್ತಡ ಜಾಸ್ತಿ. ನಿನ್ನ ಲೋಟದ ಸುಳಿಯಲ್ಲಿ ನಡುವೆ ಒತ್ತಡ ಕಡಿಮೆ ಇತ್ತು, ನೆನಪಿದೆಯಾ? ಇದು ಅದರ ತದ್ವಿರುದ್ಧ. ಇಂಥ ಸುಳಿಗಳು ಧೂಳನ್ನು ಹಿಡಿದಿಟ್ಟುಕೊಳ್ಳುತ್ತವೆ ಎಂದು 1995ರಲ್ಲಿ ಬಾರ್ಜ್ ಮತ್ತು ಸೊಮ್ಮೆರಿಯ ಎಂಬ ಇಬ್ಬರು ಲೆಕ್ಕ ಹಾಕಿ ತೋರಿಸಿದರು. ಈ ಸೊಮ್ಮೆರಿಯ ಅವರೇ 1988ರಲ್ಲಿ, ಟೆಕ್ಸಾಸ್‌ನಲ್ಲಿ, ತಿರುಗುವ ತೊಟ್ಟಿಯೊಂದರಲ್ಲಿ ಚೆದುರದೆ ಉಳಿಯುವ ಒಂಟಿ ಸುಳಿಯನ್ನು ಮಾಡಿ ತೋರಿಸಿದ ತಂಡದಲ್ಲಿದ್ದವರು. ಗುರುಗ್ರಹದ ದೊಡ್ಡ ಕೆಂಪು ಕಲೆ ಅಷ್ಟು ಕಾಲ ಯಾಕೆ ಉಳಿದಿದೆ ಎಂದು ತಿಳಿಯಲು ಮಾಡಿದ ಪ್ರಯೋಗ ಅದು. ತೊಟ್ಟಿಯಲ್ಲಿ ಸುಳಿ ನೋಡಿ ಪಳಗಿದ ಕಣ್ಣಿಗೆ ಗ್ರಹದ ತಟ್ಟೆಯಲ್ಲೂ ಸುಳಿ ಹೊಳೆದದ್ದು ನನಗೆ ತುಂಬ ಇಷ್ಟವಾದ ಸಂಗತಿ. 2013ರಲ್ಲಿ ಚಿಲಿಯ ಅಲ್ಮಾ ದೂರದರ್ಶಕ ಐಆರ್‌ಎಸ್ 48 ಎಂಬ ನಕ್ಷತ್ರದ ಸುತ್ತ ಧೂಳು ಒಂದೇ ಪಕ್ಕಕ್ಕೆ ಬಾಳೆಹಣ್ಣಿನ ಆಕಾರದಲ್ಲಿ ಸೇರಿರುವುದನ್ನು ಕಂಡಿತು. ನೋಡಿದವರು ಅದನ್ನು ಇಂಥದೇ ಬಲೆ ಎಂದು ವಿವರಿಸಿದರು.

ಪ್ರಶ್ನೆ: ನಾನು ಭೌತವಿಜ್ಞಾನದ ಅಧ್ಯಾಪಕ. ಗ್ರಹ ಹುಟ್ಟುವ ತಟ್ಟೆ ಕೋಟಿಗಟ್ಟಲೆ ಕಿಲೋಮೀಟರ್ ಅಗಲ, ಆಯುಸ್ಸು ಲಕ್ಷಾಂತರ ವರ್ಷ. ಅಲ್ಲಿನ ಅನಿಲ ನಮ್ಮ ಗಾಳಿಗಿಂತ ಎಷ್ಟೋ ತೆಳು. ಒಂದು ಬಕೆಟ್ ನೀರು ಅದಕ್ಕೆ ಸಾಟಿ ಹೇಗಾಗುತ್ತದೆ? ಮಕ್ಕಳು ಕೇಳಿದರೆ ಏನು ಹೇಳಲಿ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಭೂಮಿ ಈಗ ಇರುವಷ್ಟು ದೂರದಲ್ಲಿ ಆ ಅನಿಲ ನಾವು ಉಸಿರಾಡುವ ಗಾಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ತೆಳುವಾಗಿತ್ತು ಎಂಬುದು ಸಾಮಾನ್ಯ ಅಂದಾಜು.

ಆದರೆ ಹರಿವಿಗೆ ತನ್ನ ಗಾತ್ರ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಕೆಲವು ಅನುಪಾತಗಳು ಮಾತ್ರ. 1883ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ನೀರು ಹರಿಸಿ, ನಡುವೆ ಬಣ್ಣದ ಒಂದು ಎಳೆ ಬಿಟ್ಟು ನೋಡಿದರು. ನಿಧಾನಕ್ಕೆ ಹರಿದಾಗ ಎಳೆ ನೂಲಿನಂತೆ ನೆಟ್ಟಗೆ ಹೋಯಿತು. ವೇಗ ಹೆಚ್ಚಿಸಿದಾಗ ಒಂದು ಹಂತದಲ್ಲಿ ಕದಡಿ ಹೋಯಿತು. ಆ ಹಂತ ಬರುವುದು ಬರೀ ವೇಗದಿಂದ ಅಲ್ಲ. ವೇಗ, ಕೊಳವೆಯ ಅಗಲ, ದ್ರವದ ಅಂಟುತನ ಮೂರೂ ಸೇರಿದ ಒಂದು ಸಂಖ್ಯೆಯಿಂದ. ಅದೇ ರೆನಾಲ್ಡ್ಸ್ ಸಂಖ್ಯೆ. ಆ ಸಂಖ್ಯೆ ಒಂದೇ ಆದರೆ ಸಣ್ಣ ಕೊಳವೆಯ ನೀರು, ದೊಡ್ಡ ಕೊಳವೆಯ ಎಣ್ಣೆ ಒಂದೇ ಥರ ನಡೆದುಕೊಳ್ಳುತ್ತವೆ. ಧೂಳಿಗೂ ಇಂಥದೊಂದು ಸಂಖ್ಯೆ ಇದೆ, ಸ್ಟೋಕ್ಸ್ ಸಂಖ್ಯೆ. ಅನಿಲ ತಿರುಗಿದ ಕಡೆ ಕಣವೂ ತಕ್ಷಣ ತಿರುಗುತ್ತದೆಯೋ, ಹಟ ಹಿಡಿದು ತನ್ನ ದಾರಿಯಲ್ಲೇ ಹೋಗುತ್ತದೆಯೋ ಎಂದು ಅದು ಹೇಳುತ್ತದೆ.

ಮಕ್ಕಳಿಗೆ ಇದನ್ನೂ ಹೇಳಿ: ಎಲ್ಲ ಸಂಖ್ಯೆಗಳನ್ನೂ ಒಟ್ಟಿಗೆ ಹೊಂದಿಸಲು ಯಾರಿಗೂ ಆಗುವುದಿಲ್ಲ. ಆ ತಟ್ಟೆಯ ರೆನಾಲ್ಡ್ಸ್ ಸಂಖ್ಯೆ ಲಕ್ಷ ಕೋಟಿ ದಾಟುತ್ತದೆ. ಇಂಥ ನೀರಿನ ಪ್ರಯೋಗದಲ್ಲಿ ಇಪ್ಪತ್ತು ಲಕ್ಷ ಮುಟ್ಟಿದರೆ ಅದೇ ದೊಡ್ಡ ಸಾಧನೆ. ಆದ್ದರಿಂದ ತೊಟ್ಟಿಯಲ್ಲಿ ಯಾರೂ ಗ್ರಹ ಮಾಡುವುದಿಲ್ಲ. ಗ್ರಹ ಹುಟ್ಟುವ ಉದ್ದನೆಯ ಕತೆಯಿಂದ ಒಂದೇ ಒಂದು ವಾಕ್ಯ ತೆಗೆದುಕೊಂಡು, ಅದು ನಿಜವೋ ಅಲ್ಲವೋ ನೋಡುತ್ತಾರೆ. ಯಾವ ವಾಕ್ಯ ಅಂತ ಮೊದಲೇ ಬರೆದಿಟ್ಟುಕೊಳ್ಳದೆ ನಾವು ಯಾವತ್ತೂ ಮೋಟರ್ ಸ್ವಿಚ್ ಹಾಕುತ್ತಿರಲಿಲ್ಲ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್. ಸುತ್ತುವ ವಸ್ತು ತನ್ನ ಕೋನೀಯ ಸಂವೇಗ, ಅಂದರೆ ಸುತ್ತುವ ಜೋರು, ಬಿಟ್ಟುಕೊಡುವುದಿಲ್ಲ. ಹಾಗಿದ್ದರೆ ತಟ್ಟೆಯ ಅನಿಲ ನಕ್ಷತ್ರಕ್ಕೆ ಬೀಳುವುದಾದರೂ ಹೇಗೆ? ಸುಮ್ನೆ ಸುತ್ತುತ್ತಲೇ ಇರಬೇಕಿತ್ತಲ್ಲ? ನೀವು ಬರೆದ ಎರಡು ಸಿಲಿಂಡರಿನ ಪ್ರಯೋಗಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ: ಸಂಬಂಧ ಬಹಳ ಹತ್ತಿರದ್ದು. ನನ್ನ ಕೆಲಸದ ಬಹುಪಾಲು ಈ ಪ್ರಶ್ನೆಯ ಸುತ್ತಲೇ ಕಳೆಯಿತು. ಆದ್ದರಿಂದ ಈ ಉತ್ತರ ಉದ್ದ ಆಗುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಮೊದಲು ಉಪಕರಣ. ಒಂದರೊಳಗೆ ಒಂದು ಎರಡು ಸಿಲಿಂಡರು, ನಡುವಿನ ಸಂದಿಯಲ್ಲಿ ನೀರು. ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಿಸಬಹುದು. ಟೇಲರ್-ಕೂಯೆಟ್ ಉಪಕರಣ ಎಂದು ಹೆಸರು. 1923ರಲ್ಲಿ ಜಿ.ಐ. ಟೇಲರ್ ಇದರ ಮೇಲೆ ಬರೆದ ಪ್ರಬಂಧ ಇವತ್ತಿಗೂ ಓದುವ ಹಾಗಿದೆ. ಹೊರಗಿನದನ್ನು ನಿಲ್ಲಿಸಿ ಒಳಗಿನದನ್ನು ಮಾತ್ರ ತಿರುಗಿಸುತ್ತ ಹೋದರೆ, ಒಂದು ವೇಗದವರೆಗೆ ಏನೂ ಆಗುವುದಿಲ್ಲ. ಅದನ್ನು ದಾಟಿದ ಕೂಡಲೇ ನೀರು ಬಳೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಸುರುಳಿಗಳಾಗಿ ಒಡೆಯುತ್ತದೆ. ನಾವು ನೀರಿಗೆ ಚಿಟಿಕೆ ಅಭ್ರಕದ ಪುಡಿ ಹಾಕುತ್ತಿದ್ದೆವು. ಅಭ್ರಕದ ಚೂರುಗಳು ಚಪ್ಪಟೆ, ಹರಿವಿನ ಜೊತೆ ಹೊರಳುತ್ತವೆ, ಬೆಳಕು ಬಿದ್ದಾಗ ರೇಷ್ಮೆಯಂತೆ ಮಿನುಗುತ್ತವೆ. ಮೊದಲ ಸಲ ಆ ಬೆಳ್ಳಿ ಬಳೆಗಳು ತಳದಿಂದ ಒಂದೊಂದಾಗಿ ಎದ್ದು ಮೇಲಕ್ಕೆ ಬಂದಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಕೋಣೆಯ ಉಷ್ಣತೆಯ ಮೇಲೂ ಕಣ್ಣಿಡಬೇಕಿತ್ತು. ನೀರಿನ ಅಂಟುತನ ಒಂದು ಡಿಗ್ರಿಗೆ ಶೇಕಡಾ 2ರಷ್ಟು ಬದಲಾಗುತ್ತದೆ. ಬೆಳಿಗ್ಗೆ ಸಿಕ್ಕ ವೇಗ ಮಧ್ಯಾಹ್ನ ಸಿಗುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ನಕ್ಷತ್ರದ ಸುತ್ತ ಒಳಗಿನ ಅನಿಲ ವೇಗ, ಹೊರಗಿನದು ನಿಧಾನ. ನಮ್ಮ ಗ್ರಹಗಳಂತೆಯೇ. ಬುಧ ಸೆಕೆಂಡಿಗೆ 47 ಕಿ.ಮೀ., ಭೂಮಿ 30, ನೆಪ್ಚೂನ್ 5.4. ಆದರೆ ವೇಗವನ್ನು ದೂರದಿಂದ ಗುಣಿಸಿ ನೋಡಿ. ಭೂಮಿಯ ದೂರ 1 ಎಂದಿಟ್ಟರೆ ಬುಧನದು 0.39, ನೆಪ್ಚೂನ್‌ದು 30. ಗುಣಿಸಿದರೆ ಬುಧನಿಗೆ 18, ಭೂಮಿಗೆ 30, ನೆಪ್ಚೂನ್‌ಗೆ 162. ಒಂದೊಂದು ಕಿಲೋಗ್ರಾಂ ಪಾಲಿಗೆ ಬರುವ ಕೋನೀಯ ಸಂವೇಗ ಇದು, ಹೊರಗೆ ಹೋದಷ್ಟೂ ಜಾಸ್ತಿ. ಹೀಗೆ ಜಾಸ್ತಿ ಆಗುತ್ತ ಹೋಗುವ ಹರಿವು ಕದಡುವುದಿಲ್ಲ, ಸ್ವಲ್ಪ ಅಲುಗಿಸಿದರೂ ತನ್ನ ಜಾಗಕ್ಕೆ ಮರಳುತ್ತದೆ ಎಂದು ಲಾರ್ಡ್ ರೇಲಿ 1917ರಲ್ಲೇ ಹೇಳಿದ್ದರು. ಕದಡದಿದ್ದರೆ ಒಳಗಿನ ಅನಿಲ ತನ್ನ ಸಂವೇಗವನ್ನು ಹೊರಗಿನದಕ್ಕೆ ದಾಟಿಸುವ ದಾರಿ ಇಲ್ಲ. ದಾಟಿಸದೆ ಒಳಕ್ಕೆ ಬೀಳುವ ಹಾಗಿಲ್ಲ. ಆದರೂ ಬೀಳುತ್ತಿದೆ. ಎಳೆಯ ನಕ್ಷತ್ರಗಳು ವರ್ಷಕ್ಕೆ ಸುಮಾರಾಗಿ ಸೂರ್ಯನ ತೂಕದ ಹತ್ತು ಕೋಟಿಯಲ್ಲಿ ಒಂದು ಪಾಲನ್ನು ಹೀಗೆ ನುಂಗುತ್ತಿರುವುದನ್ನು ಖಗೋಳಶಾಸ್ತ್ರಜ್ಞರು ಅಳೆದಿದ್ದಾರೆ.

ರೇಲಿ ಅವರ ನಿಯಮ ಸಣ್ಣ ಅಲುಗಾಟಕ್ಕೆ ಸರಿ, ರೆನಾಲ್ಡ್ಸ್ ಸಂಖ್ಯೆ ವಿಪರೀತ ಜಾಸ್ತಿಯಾದರೆ ಈ ಹರಿವೂ ಕದಡಬಹುದಲ್ಲ ಎಂಬ ಆಸೆ ತುಂಬ ಜನಕ್ಕಿತ್ತು. ಕೊಳವೆಯ ನೀರು ಹಾಗೆ ಕದಡುತ್ತದೆ ತಾನೇ? ಇದನ್ನು ಲೆಕ್ಕ ಹಾಕಿ ತೀರ್ಮಾನಿಸುವುದು ಕಷ್ಟ. ತಿರುಗಿಸಿಯೇ ನೋಡಬೇಕು.

ನಾನೂ ನೋಡಿದೆ. ಸಿಲಿಂಡರುಗಳನ್ನು ಗ್ರಹಗಳ ಲೆಕ್ಕಕ್ಕೆ ಹೊಂದುವ ವೇಗಕ್ಕೆ ತಂದು ಅಭ್ರಕ ಹಾಕಿದೆ. ಕದಡು ಕಂಡಿತು! ಒಂದು ವಾರ ನಿದ್ದೆ ಬರಲಿಲ್ಲ. ಎರಡನೇ ವಾರ ಹಿರಿಯ ತಂತ್ರಜ್ಞರೊಬ್ಬರು ಒಂದೇ ಮಾತು ಕೇಳಿದರು, "ನೀರು ಅರ್ಧಕ್ಕೆ ಇಳಿಸಿ ನೋಡಿದಿರಾ ಮೇಡಂ?" ಇಳಿಸಿದೆ. ಕದಡು ಹೆಚ್ಚಾಯಿತು. ಮತ್ತೆ ತುಂಬಿಸಿದೆ. ನಟ್ಟನಡುವಿನ ಎತ್ತರದಲ್ಲಿ ಬಹುಪಾಲು ಶಾಂತ. ಅಂದರೆ ಕದಡು ಹುಟ್ಟುತ್ತಿದ್ದದ್ದು ನೀರಿನ ಒಡಲಿನಲ್ಲಿ ಅಲ್ಲ, ತಳದ ತಟ್ಟಿನಲ್ಲಿ. ತಳ ಹೊರ ಸಿಲಿಂಡರಿಗೆ ಅಂಟಿಕೊಂಡು ಒಂದೇ ವೇಗದಲ್ಲಿ ಸುತ್ತುತ್ತಿತ್ತು. ಅದರ ಮೇಲಿನ ನೀರಿಗೆ ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ವೇಗ. ಮೊದಲ ಪತ್ರದ ಹುಡುಗಿಯ ಲೋಟದಲ್ಲಿ ನಡೆದದ್ದೇ ಇಲ್ಲೂ ನಡೆಯುತ್ತಿತ್ತು. ಆ ತಂತ್ರಜ್ಞರು ಆವತ್ತು ಕೇಳದಿದ್ದರೆ ನಾನು ತಪ್ಪು ಪ್ರಬಂಧ ಬರೆದಿರುತ್ತಿದ್ದೆ.

ಪ್ರಿನ್ಸ್‌ಟನ್‌ನಲ್ಲಿ ಹಂಟಾವೊ ಜಿ, ಜೆರೆಮಿ ಗುಡ್‌ಮನ್ ಮತ್ತು ಸಂಗಡಿಗರು ಇದೇ ತೊಡಕನ್ನು ತುಂಬ ಚಂದ ಬಿಡಿಸಿದ್ದರು. ಒಳ ಸಿಲಿಂಡರಿನ ತ್ರಿಜ್ಯ ಸುಮಾರು 7 ಸೆಂ.ಮೀ., ಹೊರಗಿನದರದು 20, ಎತ್ತರ 28. ಮೇಲಿನ, ಕೆಳಗಿನ ಮುಚ್ಚಳಗಳನ್ನು ಅವರು ಎರಡೆರಡು ಉಂಗುರಗಳಾಗಿ ಸೀಳಿ, ಪ್ರತಿ ಉಂಗುರಕ್ಕೂ ಬೇರೆ ವೇಗ ಕೊಟ್ಟರು. ತಳವೂ ನೀರಿನ ಜೊತೆಜೊತೆಗೇ ಸುತ್ತಲಿ, ಉಜ್ಜದಿರಲಿ ಎಂದು. 2006ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ರೆನಾಲ್ಡ್ಸ್ ಸಂಖ್ಯೆ 20 ಲಕ್ಷದವರೆಗೆ ಏರಿಸಿದರೂ ನೀರು ಹೇಳಿಕೊಳ್ಳುವಷ್ಟು ಕದಡಲಿಲ್ಲ. ಕೋನೀಯ ಸಂವೇಗ ಬೇಕಾದಷ್ಟು ದಾಟಲಿಲ್ಲ. 2011ರಲ್ಲಿ ಮೇರಿಲ್ಯಾಂಡ್‌ನ ಒಂದು ಉಪಕರಣದಿಂದ ಇದಕ್ಕೆ ವಿರುದ್ಧವಾದ ಫಲ ಬಂತು, ದೊಡ್ಡ ಚರ್ಚೆಯೇ ಆಯಿತು. ಮುಚ್ಚಳಗಳ ಪ್ರಭಾವವೇ ಅಲ್ಲಿ ದೊಡ್ಡದು ಎಂದು ಆಮೇಲೆ ಬಂದ ಲೆಕ್ಕ, ಪ್ರಯೋಗ ಎರಡೂ ತೋರಿಸಿದವು.

ಹಾಗಾದರೆ ಬೀಳಿಸುವುದು ಯಾರು? ಒಂದು ಉತ್ತರ ಕಾಂತಕ್ಷೇತ್ರ. ಅನಿಲಕ್ಕೆ ಸ್ವಲ್ಪ ವಿದ್ಯುತ್ ಹರಿಸುವ ಗುಣ ಇದ್ದರೆ, ಕಾಂತಕ್ಷೇತ್ರದ ರೇಖೆ ಎರಡು ಅನಿಲದ ಮುದ್ದೆಗಳ ನಡುವೆ ಮೆತ್ತನೆ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಒಳಗಿನ ಮುದ್ದೆ ಮುಂದೆ ಓಡುತ್ತದೆ. ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಅದು ಸಂವೇಗ ಕಳೆದುಕೊಂಡು ಇನ್ನಷ್ಟು ಒಳಕ್ಕೆ ಬೀಳುತ್ತದೆ. ಹೊರಗಿನದನ್ನು ಅದೇ ಸ್ಪ್ರಿಂಗ್ ಮುಂದಕ್ಕೆ ಜಗ್ಗಿ ಹೊರಕ್ಕೆ ಕಳಿಸುತ್ತದೆ. ಸ್ಪ್ರಿಂಗ್ ಇನ್ನೂ ಹಿಗ್ಗುತ್ತದೆ, ಜಗ್ಗಾಟ ಇನ್ನೂ ಜೋರಾಗುತ್ತದೆ. ಈ ಅಸ್ಥಿರತೆಯನ್ನು 1959ರಲ್ಲಿ ವೆಲಿಖೋವ್, 1960ರಲ್ಲಿ ಚಂದ್ರಶೇಖರ್ ಬರೆದಿಟ್ಟಿದ್ದರು. ತಟ್ಟೆಗಳಿಗೆ ಅದರ ಮಹತ್ವ ತೋರಿಸಿದ್ದು 1991ರಲ್ಲಿ ಬಾಲ್ಬಸ್ ಮತ್ತು ಹಾಲಿ. ಪ್ರಿನ್ಸ್‌ಟನ್‌ನವರು ನೀರು ತುಂಬಿದ ಚೆಂಡನ್ನು ನಿಜವಾದ ಸ್ಪ್ರಿಂಗಿಗೇ ಕಟ್ಟಿ, ತಿರುಗುವ ನೀರಿನಲ್ಲಿ ಬಿಟ್ಟು ಇದನ್ನು ಕಣ್ಣಿಗೆ ಕಾಣಿಸಿದರು. ಆಮೇಲೆ ಸಿಲಿಂಡರಿಗೆ ನೀರಿನ ಬದಲು ಗ್ಯಾಲಿಯಂ, ಇಂಡಿಯಂ, ತವರ ಸೇರಿದ ದ್ರವ ಲೋಹ ತುಂಬಿ, ಕಾಂತಕ್ಷೇತ್ರ ಹಚ್ಚಿ, 2022ರಲ್ಲಿ ಆ ಅಸ್ಥಿರತೆಯನ್ನು ಪ್ರಯೋಗಾಲಯದಲ್ಲಿ ಕಂಡೆವು ಎಂದು ಪ್ರಕಟಿಸಿದರು. ಕಾಗದದ ಮೇಲಿನ ಲೆಕ್ಕ ಲೋಹದಲ್ಲಿ ಕಾಣಲು ಅರವತ್ತಕ್ಕೂ ಜಾಸ್ತಿ ವರ್ಷ ಹಿಡಿಯಿತು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಗ್ರಹಗಳು ಹುಟ್ಟುವ ಜಾಗದಲ್ಲಿ ಅನಿಲ ತಣ್ಣಗೆ ಇರುತ್ತದೆ, ವಿದ್ಯುತ್ ಹರಿಯುವುದೇ ಕಷ್ಟ. ಅಲ್ಲಿ ಈ ಜಗ್ಗಾಟ ಸೋಲಬಹುದು. ತಟ್ಟೆಯಿಂದ ಮೇಲಕ್ಕೆ ಬೀಸುವ ಗಾಳಿ ಸಂವೇಗವನ್ನು ಹೊತ್ತೊಯ್ಯುತ್ತದೆ ಎಂಬ ವಿವರಣೆಗೆ ಈಗ ಬೆಲೆ ಜಾಸ್ತಿ. ಆದರೆ ಬರೀ ಸುತ್ತಾಟದಿಂದಲೇ ಕದಡುತ್ತದೆ ಎಂಬ ಸುಲಭದ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದ್ದು ಆ 28 ಸೆಂ.ಮೀ. ಎತ್ತರದ ನೀರು.

ಪ್ರಶ್ನೆ: ಇಷ್ಟೆಲ್ಲ ಕಷ್ಟ ಯಾಕೆ? ಕಂಪ್ಯೂಟರಿನಲ್ಲೇ ಮಾಡಬಹುದಲ್ಲ?

ಉತ್ತರ: ಮಾಡುತ್ತಾರೆ, ಮಾಡಲೇಬೇಕು. ಮುಚ್ಚಳಗಳ ವ್ಯಾಜ್ಯ ಬಗೆಹರಿಯಲು ಕಂಪ್ಯೂಟರಿನ ನೆರವೂ ಬೇಕಾಯಿತು. ಆದರೆ ಕಂಪ್ಯೂಟರು ಹರಿವನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ಚೌಕಕ್ಕಿಂತ ಸಣ್ಣ ಸುಳಿ ಅದಕ್ಕೆ ಕಾಣದು. ಇಪ್ಪತ್ತು ಲಕ್ಷದ ರೆನಾಲ್ಡ್ಸ್ ಸಂಖ್ಯೆಯಲ್ಲಿ ಎಲ್ಲ ಸುಳಿಗಳನ್ನೂ ಬಿಡದೆ ಲೆಕ್ಕ ಹಾಕುವುದು ಇವತ್ತಿಗೂ ಕಷ್ಟ. ನೀರು ಅದನ್ನು ಸುಮ್ನೆ ಮಾಡಿಬಿಡುತ್ತದೆ. ತೊಟ್ಟಿಗೆ ಗೋಡೆಯ ತೊಂದರೆ, ಕಂಪ್ಯೂಟರಿಗೆ ಚೌಕದ ತೊಂದರೆ. ಎರಡರ ತಪ್ಪೂ ಬೇರೆ ಬೇರೆ ಥರದ್ದು, ಅದಕ್ಕೇ ಎರಡೂ ಬೇಕು.

ಪ್ರಶ್ನೆ: ಮೇಡಂ, ಧೂಳಿನ ಕಣಕ್ಕೆ ಗುರುತ್ವ ಎಲ್ಲಿಂದ ಬರಬೇಕು? ಅಷ್ಟು ಚಿಕ್ಕ ಕಣಗಳು ಒಂದಕ್ಕೊಂದು ಅಂಟುವುದು ಹೇಗೆ?

ಉತ್ತರ: ಶುರುವಿನಲ್ಲಿ ಗುರುತ್ವದ ಕೆಲಸ ಏನೂ ಇಲ್ಲ, ನಿಮ್ಮ ಊಹೆ ಸರಿ. ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಗಾತ್ರದ ಕಣಗಳು ಮೆಲ್ಲಗೆ ತಾಗಿದರೆ ಮೇಲ್ಮೈಯ ಸಣ್ಣ ಆಕರ್ಷಣೆಯಿಂದಲೇ ಅಂಟುತ್ತವೆ. ಕಪಾಟಿಗೆ ಧೂಳು ಅಂಟುವುದೂ, ಉಂಡೆ ಕಟ್ಟುವುದೂ ಇಂಥ ಬಲದಿಂದಲೇ.

2003ರ ಹೊತ್ತಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಡಾನ್ ಪೆಟಿಟ್ ಬಿಡುವಿನ ಹೊತ್ತಿನಲ್ಲಿ ಒಂದು ಕೆಲಸ ಮಾಡಿದರು. ಪ್ಲಾಸ್ಟಿಕ್ ಚೀಲಕ್ಕೆ ಉಪ್ಪು, ಸಕ್ಕರೆಯಂಥ ಹರಳು ಹಾಕಿ, ಗಾಳಿ ತುಂಬಿ, ಅಲ್ಲಾಡಿಸಿದರು. ತೂಕ ಇಲ್ಲದ ಆ ಜಾಗದಲ್ಲಿ ಹರಳುಗಳು ಸೆಕೆಂಡುಗಳಲ್ಲೇ ಗೊಂಚಲಾದವು. ಅಷ್ಟು ಬೇಗ ಆಗುತ್ತದೆಂದು ಯಾರೂ ಎಣಿಸಿರಲಿಲ್ಲ.

ತೊಡಕು ಬರುವುದು ಕಣ ಮಿಲಿಮೀಟರ್ ಗಾತ್ರಕ್ಕೆ ಬೆಳೆದ ಮೇಲೆ. ಆಗ ತಾಗಿದರೆ ಅಂಟುವುದಿಲ್ಲ, ಪುಟಿಯುತ್ತದೆ. ಜರ್ಮನಿಯ ಬ್ರೆಮೆನ್‌ನಲ್ಲಿ 146 ಮೀಟರ್ ಎತ್ತರದ ಗೋಪುರ ಇದೆ. ಅದರೊಳಗಿನ ಗಾಳಿ ಹೀರಿದ ಕೊಳವೆಯಲ್ಲಿ ಪ್ರಯೋಗದ ಪೆಟ್ಟಿಗೆಯನ್ನು ಬೀಳಿಸುತ್ತಾರೆ. ಬೀಳುವಷ್ಟು ಹೊತ್ತು, ಸುಮಾರು 4.7 ಸೆಕೆಂಡು, ಒಳಗೆ ತೂಕ ಇರುವುದಿಲ್ಲ. ಕೆಳಗಿನಿಂದ ಚಿಮ್ಮಿಸಿದರೆ ಹತ್ತಿರ ಹತ್ತಿರ ಅದರ ಎರಡರಷ್ಟು. ಅಲ್ಲಿ ಗಾಜಿನ ಮಣಿಗಳನ್ನು ಮೊದಲು ಚೆನ್ನಾಗಿ ಕುಲುಕಿ, ಆಮೇಲೆ ತೇಲಬಿಟ್ಟು ನೋಡಿದರು. ಒಂದಕ್ಕೊಂದು ತಾಗಿ ತಾಗಿ ಮಣಿಗಳಿಗೆ ವಿದ್ಯುದಂಶ ಬಂದಿತ್ತು. ಸೆಂಟಿಮೀಟರ್‌ಗಟ್ಟಲೆ ಅಗಲದ ಗೊಂಚಲುಗಳು ಕಟ್ಟಿದವು. ಪುಟಿಯುವ ತೊಡಕನ್ನು ದಾಟಲು ಇದೊಂದು ದಾರಿ ಇರಬಹುದು ಎಂದು ಡ್ಯೂಸ್‌ಬರ್ಗ್‌ನ ತಂಡ 2020ರಲ್ಲಿ ಬರೆಯಿತು.

ಪ್ರಶ್ನೆ: ಕಲ್ಲುಗಳು ಒಂದು ಮೀಟರ್ ಗಾತ್ರಕ್ಕೆ ಬಂದಾಗ ಸೂರ್ಯನಿಗೆ ಬಿದ್ದು ಹೋಗುತ್ತವೆ ಎಂದು ಓದಿದೆ. ಹಾಗಾದರೆ ಭೂಮಿ ಹೇಗೆ ಉಳಿಯಿತು?

ಉತ್ತರ: ತಟ್ಟೆಯ ಅನಿಲಕ್ಕೆ ತನ್ನದೇ ಒತ್ತಡದ ಆಸರೆ ಇದೆ, ಹಾಗಾಗಿ ಅದು ಕಲ್ಲಿಗಿಂತ ಚೂರು ನಿಧಾನವಾಗಿ ಸುತ್ತುತ್ತದೆ. ಕಲ್ಲಿಗೆ ಯಾವಾಗಲೂ ಎದುರುಗಾಳಿ. ಸೆಕೆಂಡಿಗೆ 50 ಮೀಟರ್ ಆಸುಪಾಸು, ಅಂದರೆ ಬಿರುಗಾಳಿಯ ವೇಗ, ಆದರೆ ತೀರ ತೆಳುವಾದ ಗಾಳಿ. ಅದರ ತಡೆಗೆ ಕಲ್ಲು ಸಂವೇಗ ಕಳೆದುಕೊಳ್ಳುತ್ತ ಒಳಕ್ಕೆ ಸುರುಳಿ ಸುತ್ತುತ್ತದೆ. ಮೀಟರ್ ಗಾತ್ರದ್ದಕ್ಕೆ ಪೆಟ್ಟು ಹೆಚ್ಚು. ಭೂಮಿಯ ದೂರದಿಂದ ನೂರು ವರ್ಷದ ಆಸುಪಾಸಿನಲ್ಲೇ ಬಿದ್ದು ಹೋಗುತ್ತದೆ ಎಂದು 1977ರಲ್ಲಿ ವೈಡೆನ್‌ಶಿಲ್ಲಿಂಗ್ ಲೆಕ್ಕ ಹಾಕಿದರು. ನೂರು ವರ್ಷದಲ್ಲಿ ಮೀಟರಿನಿಂದ ಕಿಲೋಮೀಟರಿಗೆ ಬೆಳೆಯಬೇಕು. ಒಂದೊಂದಾಗಿ ಅಂಟಿಕೊಂಡು ಬೆಳೆಯಲು ಸಮಯ ಸಾಲದು.

ಸಾಲಿನಲ್ಲಿ ಸೈಕಲ್ ಹೊಡೆಯುವವರನ್ನು ನೋಡಿದ್ದೀರಾ? ಮುಂದಿನವರು ಗಾಳಿ ಸೀಳುತ್ತಾರೆ, ಹಿಂದಿನವರಿಗೆ ಹಗುರ. ಕಣಗಳೂ ಹಾಗೇ. ಕಣಗಳು ಒತ್ತಾಗಿರುವ ಕಡೆ ಅವು ಅನಿಲವನ್ನೇ ತಮ್ಮ ಜೊತೆ ಎಳೆದುಕೊಳ್ಳುತ್ತವೆ. ಎದುರುಗಾಳಿ ಕಡಿಮೆಯಾಗುತ್ತದೆ. ಅವು ಒಳಕ್ಕೆ ಜಾರುವುದು ನಿಧಾನವಾಗುತ್ತದೆ, ಹಿಂದಿನಿಂದ ಬರುವ ಒಂಟಿ ಕಣಗಳು ಬಂದು ಸೇರಿಕೊಳ್ಳುತ್ತವೆ. ಗುಂಪು ಇನ್ನೂ ದಟ್ಟವಾಗುತ್ತದೆ. ಕೊನೆಗೆ ತನ್ನದೇ ಗುರುತ್ವಕ್ಕೆ ಕುಸಿದು ಕಿಲೋಮೀಟರ್‌ಗಟ್ಟಲೆ ದೊಡ್ಡ ಮುದ್ದೆ ಒಮ್ಮೆಗೇ ಆಗುತ್ತದೆ. ಯೂಡಿನ್ ಮತ್ತು ಗುಡ್‌ಮನ್ 2005ರಲ್ಲಿ ತೋರಿಸಿದ ಈ ದಾರಿಗೆ ಸ್ಟ್ರೀಮಿಂಗ್ ಅಸ್ಥಿರತೆ ಎಂದು ಹೆಸರು. ಸಿಲಿಂಡರಿನ ಪ್ರಶ್ನೆಯಲ್ಲಿ ಬಂದ ಗುಡ್‌ಮನ್ ಅವರೇ ಇವರು.

ಇದರ ಒಂದು ತುಣುಕನ್ನು ಗಾಟಿಂಗೆನ್‌ನಲ್ಲಿ ಪರೀಕ್ಷಿಸಿದರು. ಒತ್ತಡ ತುಂಬ ಇಳಿಸಿದ ಅನಿಲವನ್ನು ಕೊಳವೆಯಲ್ಲಿ ಮೇಲಕ್ಕೆ ಹರಿಸಿ, ಅದರಲ್ಲಿ ಸಣ್ಣ ಕಣಗಳನ್ನು ಬಿಟ್ಟು, ಅವುಗಳ ದಾರಿಯನ್ನು ಕ್ಯಾಮೆರಾದಲ್ಲಿ ಹಿಡಿದರು. ಕಣಗಳು ದಟ್ಟವಾಗಿದ್ದ ಕಡೆ ಅವು ಒಂಟಿ ಕಣಕ್ಕಿಂತ ಬೇಗ ಬಿದ್ದವು ಎಂದು 2019ರಲ್ಲಿ ಪ್ರಕಟಿಸಿದರು. ಇಲ್ಲಿ ಕಕ್ಷೆ ಇಲ್ಲ, ನಕ್ಷತ್ರ ಇಲ್ಲ. ಕಣ ಅನಿಲವನ್ನು ಎಳೆಯುತ್ತದೆ, ಅನಿಲ ಕಣವನ್ನು ಎಳೆಯುತ್ತದೆ, ಇದರಿಂದ ಗುಂಪಿನ ನಡತೆ ಬೇರೆಯಾಗುತ್ತದೆ, ಪರೀಕ್ಷಿಸಿದ ವಾಕ್ಯ ಇಷ್ಟೇ.

ಅದೇ ವರ್ಷ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಅರೋಕೋಥ್ ಎಂಬ ಪುಟ್ಟ ಕಾಯವನ್ನು ಹಾದು ಹೋಯಿತು. ನೆಪ್ಚೂನ್ ಆಚೆ, 35 ಕಿ.ಮೀ. ಆಸುಪಾಸಿನ ಉದ್ದ. ಎರಡು ಉಂಡೆ ಒಂದಕ್ಕೊಂದು ಒರಗಿ ಕೂತಂತೆ ಇದೆ. ಜಜ್ಜಿದ ಗುರುತು ಇಲ್ಲ. ಜೋರಾಗಿ ಡಿಕ್ಕಿ ಹೊಡೆದಿದ್ದರೆ ಹಾಗೆ ಉಳಿಯುತ್ತಿರಲಿಲ್ಲ. ಒಂದೇ ಮೋಡ ಮೆಲ್ಲಗೆ ಕುಸಿದು ಆದದ್ದು ಎಂಬ ವಿವರಣೆಗೆ ಅದು ಚೆನ್ನಾಗಿ ಒಪ್ಪುತ್ತದೆ.

ಪ್ರಶ್ನೆ: ಭೂಮಿಯ ಒಳಗೆ ಕಬ್ಬಿಣ ಹೋಗಿ ಕೂತದ್ದೂ ದ್ರವದ ಆಟವೇ ಅಲ್ಲವೇ? ಅದಕ್ಕೆ ಪ್ರಯೋಗ ಇದೆಯೇ?

ಉತ್ತರ: ಇದೆ. ಎಳೆಯ ಭೂಮಿಗೆ ದೊಡ್ಡ ಕಾಯಗಳು ಬಂದು ಬಡಿದಾಗ ಬಂಡೆ ಕರಗಿ ಕಡಲಾಗಿತ್ತು. ಬಂದ ಕಾಯದ ಕಬ್ಬಿಣ ಆ ಕಡಲೊಳಗೆ ಮುಳುಗಿತು. ಮುದ್ದೆಯಾಗಿಯೇ ಇಳಿಯಿತೋ, ಹನಿಹನಿಯಾಗಿ ಒಡೆಯಿತೋ? ಫ್ರಾನ್ಸಿನ ಮಾರ್ಸೇಯ ಪ್ರಯೋಗಾಲಯದಲ್ಲಿ ದ್ರವ ಗ್ಯಾಲಿಯಂ ಅನ್ನು ಅಂಟಾದ ದ್ರವದ ತೊಟ್ಟಿಗೆ ಬಿಟ್ಟು ನೋಡಿದರು. ಗ್ಯಾಲಿಯಂ 30 ಡಿಗ್ರಿಗೇ ಕರಗುತ್ತದೆ, ನೀರಿಗಿಂತ ಆರು ಪಟ್ಟು ಭಾರ. ಮುದ್ದೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಗ್ಗಿ, ಹರಿದು, ಮಳೆಯಂತೆ ಹನಿಯಾಯಿತು.

ಹನಿಯಾಯಿತೋ ಇಲ್ಲವೋ ಎಂಬುದರ ಮೇಲೆ ಭೂಮಿಯ ನಡುವಿನ ಕಬ್ಬಿಣದ ಒಡಲು ಯಾವಾಗ ಆಯಿತು ಎಂಬ ಲೆಕ್ಕ ನಿಂತಿದೆ. ಹಾಫ್ನಿಯಂ ಧಾತುವಿನ 182 ಎಂಬ ಬಗೆ (ಐಸೋಟೋಪು) ಸುಮಾರು 90 ಲಕ್ಷ ವರ್ಷಕ್ಕೆ ಅರ್ಧದಷ್ಟು ಟಂಗ್‌ಸ್ಟನ್ ಆಗುತ್ತದೆ. ಹಾಫ್ನಿಯಂ ಬಂಡೆಯ ಜೊತೆ ಉಳಿಯುತ್ತದೆ, ಟಂಗ್‌ಸ್ಟನ್ ಕಬ್ಬಿಣದ ಜೊತೆ ಹೋಗುತ್ತದೆ. ಬಂಡೆಯಲ್ಲಿ ಉಳಿದ ಟಂಗ್‌ಸ್ಟನ್ ಅಳೆದು, ಆ ಕಬ್ಬಿಣದ ಒಡಲು ಯಾವಾಗ ಬೇರ್ಪಟ್ಟಿತು ಎಂದು ಹೇಳುತ್ತಾರೆ. ಆದರೆ ಕಬ್ಬಿಣ ಸಣ್ಣ ಹನಿಯಾಗಿ ಬಂಡೆಯ ಜೊತೆ ಚೆನ್ನಾಗಿ ಬೆರೆತಿದ್ದರೆ ಒಂದು ಉತ್ತರ, ದೊಡ್ಡ ಮುದ್ದೆಯಾಗಿ ಬೆರೆಯದೇ ಇಳಿದಿದ್ದರೆ ಬೇರೆ ಉತ್ತರ. ಗಡಿಯಾರ ಓದಲು ತೊಟ್ಟಿ ಬೇಕು.

ಪ್ರಶ್ನೆ: ನಿಮಗೆ ಒಂದೇ ಒಂದು ಪ್ರಯೋಗ ಮಾಡಲು ಅವಕಾಶ ಸಿಕ್ಕರೆ ಯಾವುದನ್ನು ಮಾಡುತ್ತೀರಿ?

ಉತ್ತರ: ತೂಕ ಇಲ್ಲದ ಜಾಗದಲ್ಲಿ ಒಂದು ಅಗಲವಾದ ಪೆಟ್ಟಿಗೆ. ಒಳಗೆ ತೆಳು ಅನಿಲ, ಅದರಲ್ಲಿ ಧೂಳು. ಅನಿಲ ಒಂದು ಕಡೆ ಹರಿಯಬೇಕು, ಧೂಳು ಅದಕ್ಕೆ ಅಡ್ಡ ಬರಬೇಕು. ಗೋಡೆ ಎಷ್ಟು ದೂರ ಇರಬೇಕೆಂದರೆ ಅದರ ಸುದ್ದಿ ನಡುವಿನ ಧೂಳಿಗೆ ತಲುಪುವ ಮೊದಲೇ ಪ್ರಯೋಗ ಮುಗಿದಿರಬೇಕು. ಬ್ರೆಮೆನ್‌ನ ಒಂಬತ್ತು ಚಿಲ್ಲರೆ ಸೆಕೆಂಡು ಇದಕ್ಕೆ ಸಾಲದು. ಗಟ್ಟಿಯಾಗಿ ಹತ್ತು ನಿಮಿಷ ಬೇಕು. ಮೊದಲ ನಿಮಿಷದಲ್ಲಿ ನಾನು ಕ್ಯಾಮೆರಾವನ್ನು ಧೂಳಿನ ಕಡೆ ತಿರುಗಿಸುವುದಿಲ್ಲ. ಗೋಡೆಗಳ ಕಡೆ ತಿರುಗಿಸುತ್ತೇನೆ.